ಗಂಟು ಕಟ್ಟಿದ ಎಪ್ಪತ್ತೆರಡು ಚಿತ್ರಗಳು

ನಮ್ಮ ಚೋಶಿ ಬಂದರಿನವರಿಗೆ ಮೀನಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಸಿನಿಮಾದ ವಿಷಯದಲ್ಲಿ ಮಾತ್ರ ಹೇಳಲೇಬೇಕಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದಕ್ಕೆ ನಮ್ಮೂರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸಮುದ್ರದಾಚೆಯಿಂದ ಬಂದ ಬಂದೂಕಿನ ಚಿತ್ರ, ಒದೆಯುವ ಚಿತ್ರ, ಕಾರು ಹಾರುವ ಚಿತ್ರ ಎಂದರೆ ಸಾಲು ನಿಲ್ಲುತ್ತಿದ್ದರು. ನಮ್ಮದೇ ದೇಶದವರು, ನಮ್ಮದೇ ಭಾಷೆಯಲ್ಲಿ, ನಮ್ಮ ಅಪ್ಪ ಅಜ್ಜಂದಿರ ಕಾಲದಲ್ಲಿ ತೆಗೆದ ಚಿತ್ರಗಳ ಶೆಲ್ಫಿನ ಮುಂದೆ ಮಾತ್ರ, ಚಪ್ಪಲಿ ಅಂಗಡಿ ಮುಂದೆ ಹಾವು ಹಾದುಹೋದಂತೆ ಹಾದುಹೋಗುತ್ತಿದ್ದರು.

ಆ ಶೆಲ್ಫು ಇದ್ದದ್ದು ಬಂದರು ರಸ್ತೆಯ 'ಮಿನಾತೊ ವಿಡಿಯೊ' ಅಂಗಡಿಯಲ್ಲಿ, ಕಿಟಕಿಯ ಪಕ್ಕ. ಅದರಲ್ಲಿ ಎಪ್ಪತ್ತೆರಡು ಕ್ಯಾಸೆಟ್ಟುಗಳು. ಅವನ್ನು ಒಂದೊಂದಾಗಿ ಹುಡುಕಿ ತರಿಸಿ, ದೂಳು ಒರೆಸಿ, ಹತ್ತೊಂಬತ್ತು ವರ್ಷ ಕಾದುಕೊಂಡು ಬಂದವಳು ಹಾತ್ಸುಮಿ ನಾಮೆಕಾವಾ. ಅಂಗಡಿ ಅವಳದಲ್ಲ, ಅವಳು ಕೌಂಟರಿನಲ್ಲಿ ನಿಲ್ಲುವ ಕೆಲಸದವಳು. ಯಜಮಾನ ನೆಮೊತೊ ಎಂಬಾತ. ಬಡಗಿಯ ಮಗ. ಅಂಗಡಿಯ ಶೆಲ್ಫುಗಳನ್ನೆಲ್ಲ ತಾನೇ ಗರಗಸ ಹಿಡಿದು ಮಾಡಿದವನು. ಮರದ ಗುಣ ಬಲ್ಲವನು, ಅದರ ಮೇಲೆ ಕೂರಿಸಿದ ಚಿತ್ರಗಳ ಗುಣ ಕೇಳಬೇಡಿ.

ನವೆಂಬರ್ ಒಂದನೇ ತಾರೀಕು ಬೆಳಿಗ್ಗೆ ಈ ನೆಮೊತೊ ಅಳತೆ ಪಟ್ಟಿ ಹಿಡಿದು ಕಿಟಕಿಯ ಶೆಲ್ಫಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ನಾಮೆಕಾವಾ ಅವ್ರೇ, ಇದು ಎಷ್ಟು ಅಗಲ ಇದೆ ಗೊತ್ತಾ? ಒಂದು ಮೀಟರ್ ಎಂಬತ್ತು. ಇಷ್ಟು ಜಾಗದಲ್ಲಿ ಗೇಮ್ ಡಿಸ್ಕು ಆರಾಮಾಗಿ ಕೂರುತ್ವೆ."

"ಈಗ ಕೂತಿರೋದಕ್ಕೆ ಏನಾಗಿದೆ ಯಜಮಾನ್ರೇ?"

"ಕೂತಿವೆ, ಅದೇ ತೊಂದ್ರೆ. ಎದ್ದು ಹೋಗ್ತಾನೇ ಇಲ್ಲ. ಹೋದ ತಿಂಗಳು ಇಡೀ ಶೆಲ್ಫಿಂದ ಎರಡು ಹೋಗಿದ್ವು. ಒಂದು ತಗೊಂಡೋರು ನೀವು."

"ಇನ್ನೊಂದು?"

"ಅದೂ ನೀವೇ."

ನೆಮೊತೊ ಕೆಟ್ಟವನೇನಲ್ಲ, ಕೆಟ್ಟ ಸುದ್ದಿಯನ್ನು ನೆಲ ನೋಡಿಕೊಂಡು ಹೇಳುವ ಜಾತಿಯವನು. ನೆಲ ನೋಡಿಕೊಂಡೇ ಹೇಳಿದ.

"ಮೂವತ್ತನೇ ತಾರೀಕು ಸಂಜೆ ಎಲೆಕೋಸಿನ ಖಾಲಿ ಪೆಟ್ಟಿಗೆ ತರ್ತೀನಿ. ಶೆಲ್ಫ್ ಮೇಲೆ ಏನೇನು ಉಳಿದಿರುತ್ತೋ ಅದೆಲ್ಲ ಪೆಟ್ಟಿಗೆಗೆ, ಪೆಟ್ಟಿಗೆ ಕಸಕ್ಕೆ. ಅಲ್ಲೀವರೆಗೆ ನಿಮಗೆ ಏನು ತೋಚುತ್ತೋ ಮಾಡ್ಕೊಳ್ಳಿ. ನಾನು ಅಡ್ಡ ಬರಲ್ಲ."

ಆ ಶೆಲ್ಫು ಹೋದರೆ ಹಾತ್ಸುಮಿಗೆ ಹೋಗುವುದೇನು ಎಂದು ಕೇಳಿದರೆ ಒಂದು ಹಳೆಯ ಮಾತು ಹೇಳಬೇಕಾಗುತ್ತದೆ. ನಮ್ಮೂರಲ್ಲಿ ಹಿಂದೆ ಒಂದು ಸಿನಿಮಾ ಮಂದಿರವಿತ್ತು. ಹದಿನೆಂಟನೇ ವಯಸ್ಸಿನಿಂದ ಹನ್ನೊಂದು ವರ್ಷ ಅವಳು ಅಲ್ಲಿ ಟಿಕೆಟ್ ಹರಿದವಳು. ಚಿತ್ರ ಶುರುವಾದ ಮೇಲೂ ತಡವಾಗಿ ಬರುವವರಿಗಾಗಿ ಹತ್ತು ನಿಮಿಷ ಕಿಟಕಿಯಲ್ಲೇ ಕೂತಿರಬೇಕು. ಆಮೇಲೆ ಒಳಹೋಗಿ ಹಿಂದಿನ ಗೋಡೆಗೆ ಆತುಕೊಂಡು ನೋಡಬಹುದು. ಹಾಗೆ ನೂರಾರು ಚಿತ್ರ ನೋಡಿದಳು, ಒಂದರ ಮೊದಲ ಹತ್ತು ನಿಮಿಷವನ್ನೂ ನೋಡಲಿಲ್ಲ. ಯಾರು ಯಾರ ಮಗ, ಯಾಕೆ ಜಗಳ, ಈ ಹೆಂಗಸು ಯಾಕೆ ಅಳುತ್ತಿದ್ದಾಳೆ ಎಲ್ಲವನ್ನೂ ನಡುವಿನಿಂದ ಊಹಿಸಿಕೊಂಡೇ ಕಲಿತವಳು. ಮಂದಿರ ಮುಚ್ಚಿತು. ವಿಡಿಯೊ ಅಂಗಡಿಗೆ ಸೇರಿದ ದಿನ ಅವಳು ಕೇಳಿಕೊಂಡದ್ದು ಒಂದೇ, 'ಒಂದು ಶೆಲ್ಫ್ ನನಗೆ ಬಿಡಿ' ಎಂದು. ಆ ಚಿತ್ರಗಳನ್ನೆಲ್ಲ ತರಿಸಿ, ಒಂದೊಂದರ ಮೊದಲ ಹತ್ತು ನಿಮಿಷ ನೋಡಿದಳು. ಆ ಸುಖವನ್ನು ಅವಳು ಯಾರಿಗೂ ಹೇಳಿದವಳಲ್ಲ. ಈಗ ಆ ಶೆಲ್ಫು ಹೋದರೆ, ಆ ಅಂಗಡಿಯಲ್ಲಿ ಅವಳೆಂದರೆ ಯಂತ್ರಕ್ಕೆ ಕ್ಯಾಸೆಟ್ ತೋರಿಸುವ ಒಂದು ಕೈ, ಅಷ್ಟೇ.

ಅದಕ್ಕೇ ಅವಳು ಚೀಟಿ ಬರೆಯಲು ಕೂತಳು.

ಅಂಗಡಿಯಲ್ಲಿ ಕೆಲಸದವರು ತಮ್ಮ ಕೈಬರಹದಲ್ಲಿ ಶಿಫಾರಸಿನ ಚೀಟಿ ಬರೆದು ಮಾಲಿನ ಮುಂದೆ ನಿಲ್ಲಿಸುವುದು ನಮ್ಮಲ್ಲಿ ಎಲ್ಲೆಡೆ ಇರುವುದೇ. ಹಾತ್ಸುಮಿ ಶೆಲ್ಫಿನ ತಲೆಯ ಮೇಲೆ 'ನಮ್ಮ ಚಿತ್ರಗಳನ್ನು ಮೊದಲ ಸಲ ನೋಡುವವರಿಗೆ' ಎಂದು ಬರೆದು ಅಂಟಿಸಿದಳು. ಆಮೇಲೆ ನಾಲ್ಕು ದಿನ, ಕುಂಚ ಅದ್ದಿ ಅದ್ದಿ, ಎಪ್ಪತ್ತೆರಡು ಚೀಟಿ. ಅಕ್ಷರ ಮುತ್ತು ಪೋಣಿಸಿದಂತಿತ್ತು. ಒಕ್ಕಣೆ ಮಾತ್ರ ಹೀಗಿತ್ತು:

'ತೀರಾ ಸಾಧಾರಣ ಚಿತ್ರ. ಹಳೆಯದು, ಬಣ್ಣವೂ ಇಲ್ಲ. ತಮ್ಮಂಥವರಿಗೆ ತೋರಿಸಲು ಸಂಕೋಚವಾಗುತ್ತದೆ. ಆದರೂ ದಯವಿಟ್ಟು.'

'ಹೇಳಿಕೊಳ್ಳುವಂಥದ್ದೇನೂ ಇಲ್ಲ. ತಮ್ಮ ಬೆಲೆಬಾಳುವ ಸಮಯ ಹಾಳಾದರೆ ಕ್ಷಮೆಯಿರಲಿ.'

ನಗಬೇಡಿ. ಹಾತ್ಸುಮಿಯ ಜಾಗದಲ್ಲಿ ನಮ್ಮಲ್ಲಿ ಯಾರೇ ಇದ್ದರೂ ಹಾಗೆಯೇ ಬರೆಯುತ್ತಿದ್ದರು. ನೆರೆಮನೆಗೆ ಬಂಗಾರದಂಥ ಹಣ್ಣು ಕೊಡುವಾಗಲೂ 'ಕ್ಷುಲ್ಲಕ ವಸ್ತು, ತಪ್ಪು ತಿಳಿಯಬೇಡಿ' ಎಂದೇ ಕೊಡುವುದು. ತನ್ನ ಜೀವಕ್ಕಿಂತ ಹೆಚ್ಚಾದದ್ದನ್ನು ಕೊಡುವಾಗ ಅದನ್ನು ಹೊಗಳಿಕೊಳ್ಳುವುದೆಂದರೆ ಬೀದಿಯಲ್ಲಿ ನಿಂತು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಂತೆ. ಹಾತ್ಸುಮಿಗೆ ಎಷ್ಟು ಇಷ್ಟವಾದ ಚಿತ್ರವೋ ಅಷ್ಟು ಹೆಚ್ಚು ಹಳಿದಳು. ಎಲ್ಲಕ್ಕಿಂತ ಪ್ರೀತಿಯ ಚಿತ್ರದ ಮುಂದೆ 'ಇದನ್ನು ದಯವಿಟ್ಟು ಬಿಟ್ಟುಬಿಡಿ' ಎಂದೇ ಬರೆದಿದ್ದಳು.

ಜನ ಬಂದರು, ಓದಿದರು, ತಲೆಯಾಡಿಸಿದರು, ಹೋದರು. ಹೇಳಿದ ಮಾತು ಕೇಳುವ ಊರು ನಮ್ಮದು, ಬಿಟ್ಟುಬಿಡಿ ಎಂದರೆ ಬಿಟ್ಟೇಬಿಡುತ್ತೇವೆ. ನವೆಂಬರ್ ಹದಿನಾಲ್ಕು ಬಂದರೂ ಎಪ್ಪತ್ತೆರಡಕ್ಕೆ ಎಪ್ಪತ್ತೆರಡೂ ಶೆಲ್ಫಿನ ಮೇಲೆಯೇ ಇದ್ದವು.

ಅವತ್ತು ಮಧ್ಯಾಹ್ನ ತೊಕುಜಿ ಬಂದ. ಬೂತಾಯಿ ಮೀನು ಹಿಡಿಯುವ ದೋಣಿಯ ನಾಯಕ, ಐವತ್ತು ದಾಟಿದವನು. ಅವನ ಬಾಯಿ ಎಂದರೆ ಬಂದರಿನ ಹದ್ದುಗಳೂ ದೂರ ಹಾರುತ್ತವೆ. ಎರಡು ಒದೆಯುವ ಚಿತ್ರ ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೌಂಟರಿಗೆ ಬರುವ ದಾರಿಯಲ್ಲಿ ಚೀಟಿಗಳನ್ನು ನೋಡಿ ನಿಂತ. ಒಂದೊಂದೇ ಗಟ್ಟಿಯಾಗಿ ಓದತೊಡಗಿದ.

"ಏನಕ್ಕಾ ಇದು? ಸಾಧಾರಣ ಅಂತೆ. ಬಣ್ಣ ಇಲ್ವಂತೆ. ಸಂಕೋಚ ಅಂತೆ. ನಾನು ಹರಾಜು ಕಟ್ಟೇಲಿ ನಿಂತು 'ಸ್ವಾಮೀ, ಮೀನು ಕೊಳೆತಿದೆ, ದಯವಿಟ್ಟು ಕೊಳ್ಳಿ' ಅಂದ್ರೆ ಯಾವ ನನ್ಮಗ ಕೊಳ್ತಾನೆ?"

"ಅದು ಮರ್ಯಾದೆ ತೊಕುಜಿ. ನಿಮಗೆ ಗೊತ್ತಿಲ್ದೆ ಇರೋ ವಸ್ತು."

"ನಂಗೆ ಗೊತ್ತಿಲ್ವಾ? ಹೊಸ ವರ್ಷಕ್ಕೆ ನೀವು ನಮ್ಮನೆಗೆ ಅಕ್ಕಿ ಕಡುಬು ತಂದು, 'ಏನೂ ಅಲ್ಲ, ಸುಮ್ನೆ' ಅಂದ್ರಿ. ಏನೂ ಅಲ್ಲ ಅಂತ ನಾನೇನು ಬೆಕ್ಕಿಗೆ ಹಾಕಿದ್ನಾ? ಯಾಕೆ ಹಾಕ್ಲಿಲ್ಲ ಹೇಳಿ?"

"ಯಾಕೆ?"

"ಬಟ್ಟೇಲಿ ಗಂಟು ಕಟ್ಟಿ ತಂದಿದ್ರಿ! ಬಾಯಿ ಏನೂ ಅಲ್ಲ ಅಂತಿತ್ತು, ಗಂಟು ಎಲ್ಲಾನೂ ಹೇಳ್ತಿತ್ತು. ಇಲ್ಲಿ ಬಾಯಿ ಮಾತ್ರ ಇದೆ. ಗಂಟೆಲ್ಲಿ?"

ಅಷ್ಟು ಹೇಳಿ ಅವನು ತನ್ನ ಒದೆಯುವ ಚಿತ್ರ ಎತ್ತಿಕೊಂಡು ಹೊರಟುಹೋದ. ಹಾತ್ಸುಮಿಗೆ ಸಿಟ್ಟು ನೆತ್ತಿಗೇರಿತು. ಎರಡು ನಿಮಿಷ ಸಿಟ್ಟಿನಲ್ಲೇ ಕೌಂಟರ್ ಒರೆಸಿದಳು. ಮೂರನೇ ನಿಮಿಷಕ್ಕೆ ಒರೆಸುವ ಕೈ ನಿಂತಿತು. ಆ ಒರಟ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಅದೇ ಅವಳ ಸಿಟ್ಟಿಗೆ ಕಾರಣ.

ನಮ್ಮೂರಲ್ಲಿ ಯಾವ ಮನೆಯ ಕಪಾಟಿನಲ್ಲಿ ನೋಡಿದರೂ, ಉಡುಗೊರೆ ಸುತ್ತಿ ಕೊಡುವ ಚೌಕದ ಗಂಟುಬಟ್ಟೆಗಳು ಹತ್ತಿಪ್ಪತ್ತಾದರೂ ಇರುತ್ತವೆ. ಮದುವೆಗೆ ಬಂದದ್ದು, ತಿಥಿಗೆ ಬಂದದ್ದು, ಯಾರದೋ ಮನೆ ಕಟ್ಟಿದಾಗ ಬಂದದ್ದು. ಮರುದಿನ ಹಾತ್ಸುಮಿ ಮನೆಯಿಂದ ಒಂಬತ್ತು ಬಟ್ಟೆ ತಂದಳು. ಒಂಬತ್ತು ಕ್ಯಾಸೆಟ್ಟುಗಳನ್ನು ಒಂದೊಂದರಲ್ಲಿ ಇಟ್ಟು, ಮೂಲೆ ಎಳೆದು, ಮೇಲೆ ಚೊಕ್ಕಟವಾಗಿ ಗಂಟು ಹಾಕಿದಳು. ಹೆಸರು ಕಾಣುವುದಿಲ್ಲ, ನಟರ ಮುಖ ಕಾಣುವುದಿಲ್ಲ, ಬಣ್ಣವಿದೆಯೋ ಇಲ್ಲವೋ ತಿಳಿಯುವುದಿಲ್ಲ. ಚೀಟಿಗಳನ್ನು ಬದಲಿಸಲಿಲ್ಲ. 'ತೀರಾ ಸಾಧಾರಣ ಚಿತ್ರ' ಎಂಬ ಚೀಟಿ ರೇಷ್ಮೆಯ ಗಂಟಿನ ಮೇಲೆ ಕೂತಾಗ ಅದರ ಗತ್ತೇ ಬೇರೆಯಾಗಿತ್ತು.

ಇನ್ನೊಂದು ಕೆಲಸವನ್ನೂ ಮಾಡಿದಳು. ಗಂಟುಗಳನ್ನು ಶೆಲ್ಫಿನಲ್ಲಿ ಇಡದೆ ಕೌಂಟರಿನ ಕೆಳಗೆ ಇಟ್ಟುಕೊಂಡಳು. ಯಾರಿಗೆ ಯಾವುದು ಎಂದು ಆರಿಸುವುದು ತಾನೇ. ಹತ್ತೊಂಬತ್ತು ವರ್ಷ ಈ ಊರಿನವರಿಗೆ ಚಿತ್ರ ಕೊಟ್ಟವಳು. ಯಾರ ಮನೆಯಲ್ಲಿ ಯಾರು ನಿದ್ದೆಗೆಟ್ಟಿದ್ದಾರೆ, ಯಾರು ಒಂದೇ ಚಿತ್ರವನ್ನು ಮೂರು ಸಲ ಒಯ್ದಿದ್ದಾರೆ, ಯಾರು ಕೊನೆ ನೋಡದೆ ಹಿಂತಿರುಗಿಸುತ್ತಾರೆ, ಎಲ್ಲ ಅವಳಿಗೆ ಗೊತ್ತು. ದೊಡ್ಡ ಚಿತ್ರ, ಬಹುಮಾನ ಬಂದ ಚಿತ್ರ ಎಂದು ಹೊಸಬರ ತಲೆಗೆ ಹೊರಿಸಬಾರದು ಎನ್ನುವುದು ಅವಳ ಮತ. ಹಸಿದವನಿಗೆ ಮೊದಲು ಗಂಜಿ ಕೊಡುತ್ತಾರೆ, ಹಬ್ಬದೂಟ ಆಮೇಲೆ.

ಮೊದಲ ಗಂಟು ಯಾರಿಗೆ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಮೂರು ದಿನ ಬಿಟ್ಟು ತೊಕುಜಿ ತನ್ನ ಚಿತ್ರ ಹಿಂತಿರುಗಿಸಲು ಬಂದಾಗ, ಹಾತ್ಸುಮಿ ಕೌಂಟರಿನ ಈಚೆ ಬಂದಳು. ಬೂದು ಬಣ್ಣದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಾಗಿಸಿ ಮುಂದೆ ಚಾಚಿದಳು.

"ಕ್ಷುಲ್ಲಕ ವಸ್ತು. ದಯವಿಟ್ಟು."

ಎರಡು ಕೈಯಲ್ಲಿ ಕೊಟ್ಟದ್ದನ್ನು ಬೇಡ ಎನ್ನಲು ನಮ್ಮ ಕೈಗೆ ಬರುವುದಿಲ್ಲ. ತೊಕುಜಿಯ ಬಾಯಿ ಏನೋ ಬೈಯಲು ತೆರೆಯಿತು, ಅಷ್ಟರಲ್ಲಿ ಅವನ ಎರಡೂ ಕೈ ತಾವೇ ಮುಂದೆ ಬಂದು ಗಂಟು ಹಿಡಿದಿದ್ದವು, ಸೊಂಟವೂ ಬಾಗಿತ್ತು. ಆಮೇಲೆ ಬಟ್ಟೆಯ ಬಣ್ಣ ನೋಡಿದ.

"ಇದು ಸಾವಿನ ಮನೆ ಬಟ್ಟೆ ಅಲ್ವಾ ಅಕ್ಕ? ಯಾರು ಸತ್ರು?"

"ಯಾರೂ ಸತ್ತಿಲ್ಲ. ನಿಮಗೂ ನಿಮ್ಮಣ್ಣಂಗೂ ಮಾತು ಸತ್ತು ನಾಲ್ಕು ವರ್ಷ ಆಯ್ತು. ಊರಿಗೇ ಗೊತ್ತು."

ಅವನ ಅಣ್ಣ ಇಸೊಕಿಚಿ ಇನ್ನೊಂದು ದೋಣಿಯ ನಾಯಕ. ಅಪ್ಪ ಸತ್ತಾಗ ಅವನ ಹಳೆಯ ಬಲೆ ಯಾರಿಗೆ ಎಂಬುದರಲ್ಲಿ ಶುರುವಾದದ್ದು. ಬಲೆ ಇಲಿ ತಿಂದು ಹೋಯಿತು, ಜಗಳ ಮಾತ್ರ ಗಟ್ಟಿಯಾಗಿ ಉಳಿಯಿತು. ಒಂದೇ ಬಂದರಿನಲ್ಲಿ ಪಕ್ಕಪಕ್ಕ ದೋಣಿ ಕಟ್ಟಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ತೊಕುಜಿ ಕೆಂಪಾಗಿ, ಬಾಡಿಗೆ ಕೊಟ್ಟು, ಗಂಟು ಎದೆಗವಚಿಕೊಂಡು ನಡೆದ. ತನ್ನ ಬಾಯಿ ಮುಚ್ಚಿಸಿದ ಮೊದಲ ಹೆಂಗಸು ಎಂದು ಆಮೇಲೆ ಅವನೇ ಹೇಳಿಕೊಂಡು ತಿರುಗಿದ.

ಎರಡನೇ ದಿನವೇ ಬಂದ. ಗಂಟನ್ನು ಕೌಂಟರಿನ ಮೇಲೆ ಇಟ್ಟು ಜಗಳಕ್ಕೆ ನಿಂತ.

"ಎಂಥ ಚಿತ್ರ ಕೊಟ್ರಿ ನೀವು? ಏನೂ ಆಗಲ್ಲ ಅದ್ರಲ್ಲಿ! ಇಬ್ರು ಅಣ್ಣತಮ್ಮ ಉಪ್ಪು ಮಾಡ್ತಾರೆ. ತಮ್ಮ ಎರಡು ಬಕೆಟ್ಟಲ್ಲಿ ಸಮುದ್ರದ ನೀರು ಹೊರ್ತಾನೆ. ಹೊರ್ತಾನೆ, ಹೊರ್ತಾನೆ, ಒಂದು ಗಂಟೆ ಹೊತ್ತ! ಒಂದು ಹೊಡೆದಾಟ ಇಲ್ಲ, ಒಂದು ಕತ್ತಿ ಇಲ್ಲ. ನಾನು ಬೈದೆ, ಟಿವಿಗೆ ಬೈದೆ. ಆಮೇಲೆ ಕೊನೇಗೆ ಅವನು ಎರಡನೇ ಬಕೆಟ್ಟನ್ನ ತಂದು ಅಣ್ಣನ ಬಾಗಿಲ ಮುಂದೆ ಸುಮ್ನೆ ಇಟ್ಟು ಹೋಗ್ತಾನಲ್ಲ..."

ತೋಳಿನಿಂದ ಮುಖ ಒರೆಸಿಕೊಂಡ.

"ಕಣ್ಣಿಗೆ ಉಪ್ಪುನೀರು ಸಿಡೀತು," ಎಂದ.

"ಟಿವಿಯಿಂದಾನಾ?"

"ಮತ್ತೆಲ್ಲಿಂದ! ಬಿಡಿ ಅದನ್ನ. ಗಂಟು ಖಾಲಿ ಕೊಡಬಾರ್ದು, ಹಿಡ್ಕೊಳ್ಳಿ."

ಬಟ್ಟೆಯೊಳಗೆ ಕ್ಯಾಸೆಟ್ಟಿನ ಜೊತೆ ಒಣಗಿಸಿದ ಬೂತಾಯಿ ಒಂದು ಕಟ್ಟು. ಉಡುಗೊರೆ ಬಂದರೆ ಅದರ ಅರ್ಧದಷ್ಟು ಬೆಲೆಯದನ್ನು ಹಿಂದಕ್ಕೆ ಕೊಡಬೇಕು ಎನ್ನುವುದು ನಮ್ಮಲ್ಲಿ ಹುಟ್ಟಿನಿಂದ ಕಲಿತ ಪಾಠ. ಪೂರ್ತಿ ಕೊಟ್ಟರೆ ಸೊಕ್ಕು, ಕೊಡದಿದ್ದರೆ ದರಿದ್ರತನ, ಅರ್ಧ ಕೊಟ್ಟರೆ ಮನುಷ್ಯತ್ವ.

"ಇನ್ನೊಂದು ಮಾತು," ಎಂದ ತೊಕುಜಿ, ಬಾಗಿಲ ಕಡೆ ನೋಡುತ್ತ. "ಅದನ್ನೇ ಮತ್ತೆ ಕಟ್ಟಿಕೊಡಿ. ಬೇರೆ ಬಣ್ಣದ ಬಟ್ಟೇಲಿ. ಒಬ್ರ ಬಾಗಿಲ ಮುಂದೆ ಇಡಬೇಕು."

ಹಾತ್ಸುಮಿ ತನ್ನ ಮದುವೆಯ ನೇರಳೆ ಬಟ್ಟೆಯನ್ನೇ ತೆಗೆದಳು. ಹತ್ತೊಂಬತ್ತು ವರ್ಷದಲ್ಲಿ ಆ ಶೆಲ್ಫಿನ ಚಿತ್ರವೊಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಊರಿಗೆ ಹುಚ್ಚು ಹಿಡಿಯಿತು ಎನ್ನಬೇಕು. ಕ್ಷೌರದ ಅಂಗಡಿಯವನಿಗೆ, ಇಡೀ ಚಿತ್ರದಲ್ಲಿ ಕತ್ತಿ ಒರೆಯಿಂದ ಹೊರಗೇ ಬಾರದ ಕತ್ತಿವರಸೆಗಾರನ ಕಥೆ ಹೋಯಿತು. ಅತ್ತೆಯ ಕಾಟದಲ್ಲಿ ಬೆಂದ ಎಲೆಕೋಸಿನ ಹೊಲದ ಸೊಸೆಗೆ, ಅತ್ತೆಯೇ ಮನೆ ಬಿಟ್ಟು ಓಡಿಹೋಗುವ ಹಾಸ್ಯಚಿತ್ರ ಹೋಯಿತು. ಅದನ್ನು ಅತ್ತೆಯೂ ಕೂತು ನೋಡಿ, ಮರುದಿನ ತಾನೇ ಬಂದು 'ಇನ್ನೊಂದು ಅಂಥದ್ದೇ ಕೊಡವ್ವ' ಎಂದಳು. ಬೇಡ ಎನ್ನಲು ಯಾರಿಗೂ ಬರಲಿಲ್ಲ, ಖಾಲಿ ಕೈಯಲ್ಲಿ ಹಿಂತಿರುಗಲೂ ಬರಲಿಲ್ಲ. ಕೌಂಟರಿನ ಹಿಂದೆ ಮೂಲಂಗಿ, ಕಿತ್ತಳೆ, ಸೋಯಾ ರಸದಲ್ಲಿ ನೆನೆಸಿದ ಅಕ್ಕಿ ಬಿಲ್ಲೆಗಳು ರಾಶಿ ಬಿದ್ದವು. ಬಟ್ಟೆ ಸಾಲದೆ ಬಂದಾಗ ಜನರೇ ಮನೆಯಿಂದ ತಂದುಕೊಟ್ಟರು. ನೆಮೊತೊ ಬಂದು ಒಂದು ಅಕ್ಕಿ ಬಿಲ್ಲೆ ಬಾಯಿಗೆ ಹಾಕಿಕೊಂಡು, ಅಗಿಯುತ್ತ, ನೆಲ ನೋಡುತ್ತ ಹೇಳಿದ:

"ಜನ ಗಂಟು ನೋಡಿ ತಗೊಂಡು ಹೋಗ್ತಿದ್ದಾರೆ. ಚಿತ್ರ ನೋಡಿ ಅಲ್ಲ. ಹೊಸತು, ನಾಲ್ಕು ದಿನ ಇರುತ್ತೆ."

ಹೇಳಿದಂತೆಯೇ ಆಯಿತು ನೋಡಿ. ಇಪ್ಪತ್ತಮೂರನೇ ತಾರೀಕು ಬೂತಾಯಿ ಹಿಂಡು ಬಂತು. ಹಿಂಡು ಬಂದರೆ ನಮ್ಮೂರಲ್ಲಿ ಹೆಣ ಎತ್ತುವುದಕ್ಕೂ ಜನ ಸಿಗುವುದಿಲ್ಲ. ಗಂಡಸರೆಲ್ಲ ಸಮುದ್ರಕ್ಕೆ, ಹೆಂಗಸರೆಲ್ಲ ಮೀನು ಡಬ್ಬಿ ತುಂಬುವ ಕಾರ್ಖಾನೆಗೆ. ಗಡುವು ಮುಗಿದ ಕ್ಯಾಸೆಟ್ಟುಗಳು ಒಂದೊಂದಾಗಿ ಹಿಂದೆ ಬಂದವು, ಹೊಸದಾಗಿ ಒಯ್ಯುವವರಿಲ್ಲ. ಇಪ್ಪತ್ತಾರನೇ ತಾರೀಕು ಹಾತ್ಸುಮಿ ಎಣಿಸಿದಾಗ, ಕೌಂಟರಿನ ಕೆಳಗೆ ಹಿಡಿಸದೆ ಶೆಲ್ಫಿಗೇರಿಸಿದ ಗಂಟುಗಳು ಐವತ್ತೆಂಟು. ಗೆದ್ದೆ ಅಂದುಕೊಂಡದ್ದು ಗೆಲುವೇ ಅಲ್ಲ, ಊರಿನವರ ಸೌಜನ್ಯ ಮಾತ್ರ ಇರಬಹುದೇ? ಚಿತ್ರಗಳು ಯಾರಿಗೂ ಹಿಡಿಸಿರಲೇ ಇಲ್ಲವೇ? ಅವತ್ತು ಅವಳು ಊಟದ ಡಬ್ಬಿ ತೆರೆಯಲಿಲ್ಲ. ಐವತ್ತೆಂಟು ಗಂಟುಗಳನ್ನೂ ಬಿಚ್ಚಿ, ಬಟ್ಟೆ ಮಡಿಸಿಟ್ಟು, ಕ್ಯಾಸೆಟ್ಟುಗಳನ್ನು ಅವುಗಳ ಹೆಸರು ಕಾಣುವಂತೆ ನಿಲ್ಲಿಸಿದಳು. ಗಂಟಿನಿಂದಲೇ ಹೋಗುವುದಾದರೆ ಹೋಗದಿರಲಿ ಎನ್ನುವ ಹಟ ಅವಳಿಗೆ ಬಂದಿತ್ತು.

ಇಪ್ಪತ್ತೇಳರ ಬೆಳಿಗ್ಗೆ ಗಾಳಿ ಎದ್ದಿತು. ಹೆಂಚು ಹಾರಿಸುವ ಪಡುವಣ ಗಾಳಿ. ಒಂದು ದೋಣಿಯೂ ಬಂದರು ಬಿಡುವ ಹಾಗಿರಲಿಲ್ಲ. ಹತ್ತು ಗಂಟೆಗೆ ಹಾತ್ಸುಮಿ ಬಾಗಿಲು ತೆಗೆದಾಗ ಮೆಟ್ಟಿಲ ಮೇಲೆ ರಬ್ಬರ್ ಬೂಟುಗಳ ಸಾಲು ಸಾಲೇ ಕಂಡಿತು. ಎಲ್ಲರಿಗಿಂತ ಮುಂದೆ ಇಬ್ಬರು, ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಒಬ್ಬ ತೊಕುಜಿ. ಇನ್ನೊಬ್ಬ, ನೇರಳೆ ಗಂಟು ಹಿಡಿದ ಇಸೊಕಿಚಿ.

ಇಸೊಕಿಚಿ ಮಾತು ಕಮ್ಮಿಯ ಮನುಷ್ಯ. ಗಂಟನ್ನು ಎರಡೂ ಕೈಯಲ್ಲಿ ಕೊಟ್ಟ. ಒಳಗೆ ಇಡೀ ಒಂದು ಕೆಂಪು ಮೀನು, ಮದುವೆಗೆ ಇಡುವಂಥದ್ದು.

"ಇದು ಅರ್ಧ ಅಲ್ಲ ಇಸೊಕಿಚಿ, ತುಂಬಾ ಹೆಚ್ಚಾಯ್ತು," ಎಂದಳು ಹಾತ್ಸುಮಿ.

"ಅರ್ಧಾನೇ," ಎಂದ ಅವನು. "ನನಗೆ ಬಂದಿದ್ದು ಅಷ್ಟಿತ್ತು."

ಹಾತ್ಸುಮಿ ಕಣ್ಣು ಒರೆಸಿಕೊಂಡಳು. ಒರೆಸಿಕೊಳ್ಳುವುದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

"ಗಂಟು ಯಾಕೆ ಬಿಚ್ಚಿದ್ದೀರಾ ಅಕ್ಕ?" ಎಂದು ತೊಕುಜಿ ಶೆಲ್ಫ್ ನೋಡಿ ಕೂಗಿದ. "ಪರ್ವಾಗಿಲ್ಲ, ಈಗ ಒಳಗೇನಿರುತ್ತೆ ಅಂತ ಗೊತ್ತು. ನನ್ನ ದೋಣಿಯೋರು ಒಂಬತ್ತು ಜನ ಬಂದಿದ್ದಾರೆ. ಒಬ್ಬೊಬ್ಬರಿಗೆ ಮೂರು ಕೊಡಿ."

"ನನ್ನೋರು ಹನ್ನೊಂದು," ಎಂದ ಇಸೊಕಿಚಿ.

"ನೋಡಿದ್ರಾ, ಮಾತಾಡೋಕೆ ಶುರು ಮಾಡಿದ ದಿನಾನೇ ಪೈಪೋಟಿ!"

"ಸಾಲಾಗಿ ಬನ್ನಿ," ಎಂದಳು ಹಾತ್ಸುಮಿ. ಅವಳ ದನಿ ಅವಳಿಗೇ ಹೊಸದಾಗಿತ್ತು. "ಯಾರೂ ಕೈ ಹಾಕಬೇಡಿ. ನಾನು ಕೇಳ್ತೀನಿ, ನೀವು ಹೇಳಿ. ಆಮೇಲೆ ನಾನು ಕೊಡ್ತೀನಿ."

ಒಬ್ಬೊಬ್ಬನನ್ನೇ ವೈದ್ಯರ ಹಾಗೆ ವಿಚಾರಿಸಿದಳು. ನಿಮ್ಮ ತಾಯಿ ಇದ್ದಾರಾ? ಕೊನೇ ಸಲ ಫೋನ್ ಮಾಡಿದ್ದು ಯಾವಾಗ? ನಗಬೇಕಾ, ಅಳಬೇಕಾ? ಅಳೋಕೆ ನಾಚಿಕೆಯಾ? ಹಾಗಾದ್ರೆ ಇದು, ಮೊದಲು ನಗಿಸಿ ಆಮೇಲೆ ಕೆಲಸ ಮುಗಿಸುತ್ತೆ. ಹೆಂಡತಿ ಜೊತೆ ನೋಡ್ತೀರಾ? ಹಾಗಾದ್ರೆ ಅದು ಬೇಡ, ಅದನ್ನ ಒಬ್ಬರೇ ನೋಡಿ. ದೊಡ್ಡ ದೊಡ್ಡ ಗಂಡಸರು ಟೋಪಿ ಕೈಯಲ್ಲಿ ಹಿಡಿದು, ಮೆತ್ತಗೆ ಉತ್ತರ ಕೊಟ್ಟು, ಕೊಟ್ಟದ್ದನ್ನು ತೆಗೆದುಕೊಂಡು ಹೋದರು. ಗಾಳಿ ಮೂರು ದಿನ ನಿಲ್ಲಲಿಲ್ಲ. ಒಬ್ಬ ನೋಡಿದ್ದನ್ನು ಇನ್ನೊಬ್ಬ ತಾನೂ ನೋಡಬೇಕೆಂದು, ಹಿಂದೆ ಬಂದದ್ದು ಶೆಲ್ಫ್ ತಲುಪುವ ಮೊದಲೇ ಮತ್ತೊಬ್ಬರ ಹೆಸರಿಗೆ ಏರುತ್ತಿತ್ತು.

ಮೂವತ್ತನೇ ತಾರೀಕು ಮಧ್ಯಾಹ್ನ ಮೂರಕ್ಕೆ ಒಂದೇ ಒಂದು ಉಳಿದಿತ್ತು. ಅದರ ಚೀಟಿ 'ಇದನ್ನು ದಯವಿಟ್ಟು ಬಿಟ್ಟುಬಿಡಿ'. ಹಾತ್ಸುಮಿಗೆ ಎಲ್ಲಕ್ಕಿಂತ ಪ್ರೀತಿಯ ಚಿತ್ರ ಅದು. ಬೆಟ್ಟದ ಮೇಲೆ ಒಬ್ಬಳು ಹೆಂಗಸು, ಒಂದು ಹಸು, ನಾಲ್ಕು ಋತು, ಇಡೀ ಚಿತ್ರದಲ್ಲಿ ಹತ್ತು ಮಾತೂ ಇಲ್ಲ. ಮೀನುಗಾರರಲ್ಲಿ ಯಾರಿಗೂ ಅದು ಹೊಂದುವುದಿಲ್ಲವೆಂದು ಅವಳೇ ತೆಗೆದಿಟ್ಟಿದ್ದಳು. ಸುಮ್ಮನೆ ಯಾರ ಕೈಗಾದರೂ ತುರುಕಬಹುದಿತ್ತು. ತುರುಕಲಿಲ್ಲ. ತಪ್ಪು ಮನುಷ್ಯನ ಕೈಗೆ ಹೋಗಿ ಉಳಿಯುವುದಕ್ಕಿಂತ ಪೆಟ್ಟಿಗೆಗೆ ಹೋಗುವುದು ಮೇಲು ಎಂದುಕೊಂಡಳು. ಅಂದುಕೊಂಡಳೇ ಹೊರತು, ಕಣ್ಣು ಗಡಿಯಾರ ಬಿಟ್ಟು ಕದಲುತ್ತಿರಲಿಲ್ಲ.

ಮೂರೂವರೆಗೆ ಶುಫೆನ್ ಬಂದಳು. ಡಬ್ಬಿ ತುಂಬುವ ಕಾರ್ಖಾನೆಗೆ ಚೀನಾದಿಂದ ಬಂದು ಎಂಟು ತಿಂಗಳಾಗಿದ್ದ ಹೆಂಗಸು. ಅಂಗಡಿಗೆ ಹಿಂದೆ ಬಂದವಳೇ ಅಲ್ಲ. ತಲೆಗೆ ಕಟ್ಟಿದ ಬಿಳಿ ಬಟ್ಟೆ ಬಿಚ್ಚುತ್ತ, ಪದ ಹುಡುಕಿ ಹುಡುಕಿ ಹೇಳಿದಳು.

"ಕಾರ್ಖಾನೇಲಿ ಎಲ್ಲಾರು ಸಿನಿಮಾ ಮಾತು. ನಾನು ಸುಮ್ನೆ. ನಂಗೆ ಮಾತು ಕಮ್ಮಿ ಬರುತ್ತೆ. ಮಾತು ಕಮ್ಮಿ ಇರೋದು ಇದ್ಯಾ?"

ಹಾತ್ಸುಮಿ ಶೆಲ್ಫಿನಲ್ಲಿ ಉಳಿದ ಆ ಒಂದರ ಕಡೆ ತಿರುಗಿದಳು. "ನಿಮ್ಮೂರಲ್ಲಿ ಬೆಟ್ಟ ಇದ್ಯಾ?" ಎಂದಳು.

"ಬೆಟ್ಟ, ಹಸು," ಎಂದಳು ಶುಫೆನ್. "ಸಮುದ್ರ ಇಲ್ಲ."

ಹಾತ್ಸುಮಿ ನೇರಳೆ ಬಟ್ಟೆ ಹುಡುಕಿ ತೆಗೆದು, ಆ ಒಂದನ್ನು ಮಾತ್ರ ಗಂಟು ಕಟ್ಟಿದಳು. ಎರಡೂ ಕೈಯಲ್ಲಿ ಕೊಟ್ಟಳು. ಕ್ಷುಲ್ಲಕ ವಸ್ತು ಎನ್ನಲಿಲ್ಲ. ಬಾಯಿ ತೆರೆದಾಗ ಬಂದದ್ದು ಬೇರೆಯೇ ಮಾತು.

"ತುಂಬಾ ಚೆನ್ನಾಗಿದೆ. ನನಗೆ ಇದಕ್ಕಿಂತ ಇಷ್ಟವಾದ್ದು ಯಾವುದೂ ಇಲ್ಲ."

ನಾಲ್ಕಕ್ಕೆ ಸರಿಯಾಗಿ ನೆಮೊತೊ ಎಲೆಕೋಸಿನ ಆರು ಪೆಟ್ಟಿಗೆ ಹೊತ್ತು, ಗಲ್ಲದಿಂದ ಒತ್ತಿ ಹಿಡಿದು ಒಳಬಂದ. ಇಳಿಸಿದ. ಶೆಲ್ಫ್ ನೋಡಿದ. ಅವನೇ ಇಪ್ಪತ್ತು ವರ್ಷದ ಹಿಂದೆ ಉಜ್ಜಿ ನುಣುಪು ಮಾಡಿದ ಹಲಗೆ ತುದಿಯಿಂದ ತುದಿಗೆ ಬೆತ್ತಲಾಗಿತ್ತು.

"ಎಲ್ಲಿ?"

"ಹೊರಗಿವೆ."

"ಎಲ್ಲಾನೂ?"

"ಶೆಲ್ಫ್ ಮೇಲೆ ಉಳಿದಿರೋದೆಲ್ಲ ಪೆಟ್ಟಿಗೆಗೆ ಅಂದಿದ್ರಿ ಯಜಮಾನ್ರೇ. ತುಂಬಿಕೊಳ್ಳಿ."

ನೆಮೊತೊ ಕಂಪ್ಯೂಟರಿನಲ್ಲಿ ಒಂದೊಂದೇ ಹೆಸರು ನೋಡಿದ. ಎಪ್ಪತ್ತೆರಡು ಚಿತ್ರ, ಎಪ್ಪತ್ತೆರಡು ಕಡೆ. ಆಮೇಲೆ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತ. ಅದು ಅವನ ಭಾರಕ್ಕೆ ಮೆಲ್ಲಗೆ ಕುಸಿಯಿತು, ಅವನು ಏಳಲಿಲ್ಲ. ಮೊದಲ ಬಾರಿಗೆ, ನೆಲ ಬಿಟ್ಟು ಅವಳ ಮುಖ ನೋಡಿ ಕೇಳಿದ.

"ಅಂಥದ್ದೇನಿದೆ ಅದ್ರಲ್ಲಿ?"

"ನೀವು ನೋಡಿಲ್ವಾ?"

"ಒಂದೂ ಇಲ್ಲ."

ದೀಪದ ಬುಡ ಕತ್ತಲು ಎನ್ನುತ್ತಾರೆ. ನಮ್ಮೂರಲ್ಲಿ ಮೈಲಿಗಟ್ಟಲೆ ಬೆಳಕು ಚೆಲ್ಲುವ ದೀಪಸ್ತಂಭವೇ ಇದೆ, ಅದರ ಬುಡದ ಕತ್ತಲೂ ಅಷ್ಟೇ ದೊಡ್ಡದು. ಹಾತ್ಸುಮಿ ನಗಲಿಲ್ಲ. ನಗುವ ಹಕ್ಕು ಅವಳಿಗೆ ಪೂರ್ತಿ ಇತ್ತು.

"ನಂಗೂ ಒಂದು ಕೊಡಿ," ಎಂದ ನೆಮೊತೊ.

"ಇಲ್ಲ ಯಜಮಾನ್ರೇ. ಹೆಸರು ಬರೆಸಿ. ನಿಮ್ಮ ಮುಂದೆ ಹನ್ನೊಂದು ಜನ ಇದ್ದಾರೆ. ಮತ್ತೆ ನೀವು ಸದಸ್ಯರೂ ಅಲ್ಲ, ಮೊದಲು ಈ ಅರ್ಜಿ ತುಂಬಿ."

ನೆಮೊತೊ ತನ್ನ ಅಂಗಡಿಯ ಕೌಂಟರಿನ ಆಚೆ ಬದಿಯಲ್ಲಿ ನಿಂತು, ತನ್ನದೇ ಅಂಗಡಿಯ ಅರ್ಜಿಯಲ್ಲಿ ಹೆಸರು, ವಿಳಾಸ, ಫೋನ್ ನಂಬರು ಬರೆದ. ಗೇಮ್ ಡಿಸ್ಕಿನವನಿಗೆ ಫೋನ್ ಮಾಡಿ ಬರಬೇಡ ಎಂದವನೂ ಅವನೇ.

ಎಂಟು ದಿನ ಕಾದ ಮೇಲೆ ಅವನ ಸರದಿ ಬಂತು. ಹಾತ್ಸುಮಿ ಅವನಿಗೆ ಕೊಟ್ಟದ್ದು ಒಬ್ಬ ಮುದಿ ಬಡಗಿ ತಾನು ಮಾಡಿದ ಒಂದು ಬಾಗಿಲನ್ನು ನೋಡಲು ಊರಿಂದೂರಿಗೆ ನಡೆಯುವ ಚಿತ್ರ. ನೆಮೊತೊ ಎರಡೂ ಕೈಯಲ್ಲಿ ತೆಗೆದುಕೊಂಡ. ಮರುದಿನ ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಹಾತ್ಸುಮಿ ಬಂದಾಗ ಅವನು ಬಾಗಿಲಲ್ಲಿ ನಿಂತಿದ್ದ. ಕೂದಲಲ್ಲಿ ಮರದ ಹೊಟ್ಟು, ಕಣ್ಣು ಕೆಂಪು. ಪಕ್ಕದಲ್ಲಿ ಹಾಸಿಗೆಯ ಚಾದರದಲ್ಲಿ ಕಟ್ಟಿದ, ಅವನ ಎದೆಯೆತ್ತರದ ಒಂದು ಗಂಟು.

ಅವಳು ಗಂಟು ಬಿಚ್ಚಿದಳು. ಒಳಗೆ ಹೊಸ ದೇವದಾರು ಮರದ ಶೆಲ್ಫು, ಇನ್ನೂ ಮರದ ಪರಿಮಳ ಆರದ್ದು. ಅವಳು ಕಣ್ಣಳತೆಯಲ್ಲೇ ಕಂಡುಕೊಂಡಳು. ಸರಿಯಾಗಿ ತೊಂಬತ್ತು ಸೆಂಟಿಮೀಟರ್, ಹಳೆಯದರ ಅರ್ಧ.

ನೆಮೊತೊ ಸೊಂಟ ಬಾಗಿಸಿದ.

"ಕ್ಷುಲ್ಲಕ ವಸ್ತು," ಎಂದ. "ಇನ್ನೂ ಮೂವತ್ತಾರು ಚಿತ್ರ ತರಿಸಿ."